ತೂತಿನಿಂದ ಹೊರಟ ವಾದ್ಯಗೋಷ್ಠಿ: ಜರ್ಮನಿ, ಸ್ವಿಟ್ಜರ್ಲೆಂಡಿನಲ್ಲಿ ಐದು ದಿನ

ಭಾನುವಾರ, ರೂಡೆಸ್‌ಹೈಮ್

ಮಗ ಫ್ರಾಂಕ್‌ಫರ್ಟಿನಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷ. "ಈ ಸಲ ಬಾಮ್ಮ, ಸ್ವಿಟ್ಜರ್ಲೆಂಡಿನ ಹಿಮದ ಬೆಟ್ಟ ತೋರಿಸ್ತೀನಿ" ಅಂತ ಕರೆಸಿಕೊಂಡ. ನನಗೋ ಮೊಣಕಾಲು ನೋವು. ಬೆಟ್ಟ ಗಿಟ್ಟ ಬೇಡಪ್ಪ, ಕೂತು ನೋಡುವಂಥದ್ದು ಏನಾದರೂ ಇದ್ದರೆ ನೋಡು ಅಂದೆ. ಒಂದು ರಾತ್ರಿ ಯೋಚನೆ ಮಾಡಿದವನು ಬೆಳಗ್ಗೆ ಕಾಫಿ ಕೊಡುತ್ತಾ, "ಕೂತು ಕೇಳುವಂಥದ್ದು ಇದೆ. ಆಗುತ್ತಾ?" ಅಂದ.

ಹಾಗೆ ಶುರುವಾಯಿತು ನಮ್ಮ ಪ್ರವಾಸ. ನೋಡಲು ಹೊರಟಿದ್ದು ಆರ್ಕೆಸ್ಟ್ರಿಯನ್ ಅನ್ನೋ ಯಂತ್ರಗಳನ್ನು. ಗ್ರಾಮಫೋನ್ ಬರುವ ಮೊದಲು, ಇಡೀ ವಾದ್ಯಗೋಷ್ಠಿಯ ಕೆಲಸವನ್ನು ಒಂದೇ ಬೀರುವಿನೊಳಗೆ ತುಂಬಿಟ್ಟ ಯಂತ್ರಗಳು. ಕೊಳಲು, ತುತ್ತೂರಿ, ಪಿಟೀಲು, ಡೋಲು, ಗಂಟೆ ಎಲ್ಲಾ ಒಳಗೇ. ನುಡಿಸುವವರು ಮಾತ್ರ ಯಾರೂ ಇಲ್ಲ.

ಫ್ರಾಂಕ್‌ಫರ್ಟಿನಿಂದ ರೈಲಿನಲ್ಲಿ ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ. ರೈನ್ ನದಿಯ ದಡದ ಊರು. ಗುಡ್ಡದ ತುಂಬಾ ದ್ರಾಕ್ಷಿ ತೋಟ. ಊರೊಳಗೆ ದ್ರೋಸೆಲ್‌ಗಾಸೆ ಅನ್ನೋ ಸಂದಿ. ನಮ್ಮ ಚಿಕ್ಕಪೇಟೆಯ ಸಂದಿಯಷ್ಟೇ ಅಗಲ, ಆದರೆ ಸೀರೆ ಅಂಗಡಿಗಳ ಜಾಗದಲ್ಲಿ ಸಾಲಾಗಿ ವೈನ್ ಅಂಗಡಿ. ಅದನ್ನು ದಾಟಿ ಸ್ವಲ್ಪ ಮೇಲೆ ಹೋದರೆ ಬ್ರೋಮ್ಸರ್‌ಹೋಫ್ ಅನ್ನೋ ಹಳೇ ಸರದಾರರ ಮನೆ. ಅದರಲ್ಲೇ ಸೀಗ್‌ಫ್ರೀಡ್ ವೆಂಡೆಲ್ ಎಂಬುವವರು ಕಟ್ಟಿದ ಯಾಂತ್ರಿಕ ವಾದ್ಯಗಳ ಸಂಗ್ರಹ. 1969ರಲ್ಲಿ ಶುರು ಮಾಡಿದ್ದು, ಈಗ ಸುಮಾರು 350 ವಾದ್ಯಗಳಿವೆ. ಸುಮ್ನೆ ನೋಡಿ ಬರುವ ಜಾಗವಲ್ಲ. ಒಬ್ಬರು ಜೊತೆಗೆ ಬಂದು ಒಂದೊಂದನ್ನೇ ನುಡಿಸಿ ತೋರಿಸುತ್ತಾರೆ.

ಮೊದಲ ಕೋಣೆಯ ಪುಟ್ಟ ಸಂಗೀತ ಪೆಟ್ಟಿಗೆಗಳು, ಹಾಡುವ ಹಕ್ಕಿಗಳು ನನಗೆ ಅಷ್ಟೇನೂ ಹಿಡಿಸಲಿಲ್ಲ. ಚೆನ್ನಾಗಿವೆ, ಆದರೆ ಆಟಿಕೆ ಥರ. ಆಮೇಲೆ ಒಂದು ಪಿಯಾನೋದ ಮುಂದೆ ನಿಲ್ಲಿಸಿದರು. ಅದರ ಮೇಲೆ ಗಾಜಿನ ಬಾಗಿಲಿನ ಕಪಾಟು. ಒಳಗೆ ಮೂರು ನಿಜವಾದ ಪಿಟೀಲು ನೇತಾಡುತ್ತಿವೆ. ಅವುಗಳ ಸುತ್ತ ಒಂದು ದೊಡ್ಡ ಬಳೆ. ಬಳೆಯ ಒಳಸುತ್ತಿಗೆ ಸಾವಿರಕ್ಕೂ ಮೇಲೆ ಕುದುರೆ ಕೂದಲು ಬಿಗಿದಿದ್ದಾರೆ. ಆ ಬಳೆಯೇ ಕಮಾನು! ಗುಂಡಗಿನ ಕಮಾನು ತಿರುಗುತ್ತಲೇ ಇರುತ್ತದೆ. ಯಾವ ಪಿಟೀಲಿನ ಸರದಿಯೋ ಅದು ಮುಂದಕ್ಕೆ ಬಾಗಿ ತಂತಿಯನ್ನು ಕೂದಲಿಗೆ ತಾಗಿಸುತ್ತದೆ. ನಾವು ಕಮಾನನ್ನು ಪಿಟೀಲಿನ ಹತ್ತಿರ ತರುತ್ತೇವೆ, ಇಲ್ಲಿ ಪಿಟೀಲೇ ಕಮಾನಿನ ಹತ್ತಿರ ಹೋಗುತ್ತದೆ. ಒಂದೊಂದು ಪಿಟೀಲಿನದು ಒಂದೇ ತಂತಿ ಕೆಲಸ ಮಾಡುವುದು. ತಂತಿಯ ಮೇಲೆ ಒತ್ತಲು ಪುಟ್ಟ ಪುಟ್ಟ ಗಾಳಿಯ ಬೆರಳುಗಳು. ಜೋರಾಗಿ ನುಡಿಸಬೇಕೆಂದರೆ ಬಳೆ ಬೇಗ ತಿರುಗುತ್ತದೆ. ಮೆಲ್ಲಗೆ ಎಂದರೆ ನಿಧಾನ.

ಇದರ ಹೆಸರು ಫೊನೋಲಿಸ್ಟ್ ವಯೊಲಿನಾ. ಲೈಪ್‌ಜಿಗ್‌ನ ಹುಪ್‌ಫೆಲ್ಡ್ ಕಂಪನಿಯದ್ದು. 1910ರ ಬ್ರಸೆಲ್ಸ್ ಜಾಗತಿಕ ಪ್ರದರ್ಶನದಲ್ಲಿ ಇದನ್ನು ನೋಡಿದವರು ಎಂಟನೇ ಅದ್ಭುತ ಅಂದರಂತೆ. ನಾನು ಅಷ್ಟು ಹೇಳಲಾರೆ. ಧ್ವನಿ ಕೊಂಚ ಮೂಗಿನಲ್ಲಿ ಹಾಡಿದ ಹಾಗೆ. ಆದರೆ ಒಂದು ಕಡೆ ಪಿಟೀಲು ಎಳೆದ ಎಳೆತಕ್ಕೆ ಮೈ ಜುಮ್ಮೆಂದಿದ್ದು ಸುಳ್ಳಲ್ಲ. ಯಾರೂ ಇಲ್ಲದ ಕಡೆ ಯಾರೋ ಅತ್ತ ಹಾಗಾಯಿತು.

ನನ್ನ ಕಣ್ಣು ಪಿಟೀಲಿಗಿಂತ ಜಾಸ್ತಿ ಹೊತ್ತು ನಿಂತಿದ್ದು ಕೆಳಗೆ ಸುತ್ತಿಕೊಳ್ಳುತ್ತಿದ್ದ ಕಾಗದದ ಸುರುಳಿಯ ಮೇಲೆ. ಕಾಗದದ ತುಂಬಾ ತೂತು. ಸಾಲು ಸಾಲು ತೂತು. ಒಂದು ಕಡೆ ಗುಂಪಾಗಿ, ಒಂದು ಕಡೆ ಒಂಟಿಯಾಗಿ. ಇದನ್ನು ಎಲ್ಲಿ ನೋಡಿದ್ದೇನೆ? ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಹೊಳೆಯಿತು.

ನಮ್ಮೂರು ದೊಡ್ಡಬಳ್ಳಾಪುರ. ಅಪ್ಪ ನೇಯ್ಗೆಯವರು. ಅದಕ್ಕಿಂತ ಹೆಚ್ಚಾಗಿ, ಬೇರೆ ನೇಕಾರರ ಜಕಾರ್ಡ್ ಮಗ್ಗಕ್ಕೆ ರಟ್ಟು ಹೊಡೆದುಕೊಡುತ್ತಿದ್ದವರು. ಗ್ರಾಫ್ ಹಾಳೆಯಲ್ಲಿ ಬರೆದ ನವಿಲನ್ನೋ ಮಾವಿನಕಾಯನ್ನೋ ನೋಡಿಕೊಂಡು ರಟ್ಟಿನ ಮೇಲೆ ತೂತು ಹೊಡೆಯುವ ಕೆಲಸ. ತೂತಿದ್ದ ಕಡೆ ಸೂಜಿ ಒಳಗೆ ಹೋಗುತ್ತದೆ, ಆ ಎಳೆ ಮೇಲೇಳುತ್ತದೆ. ತೂತಿಲ್ಲದ ಕಡೆ ಎಳೆ ಕೆಳಗೇ. ಲಾಳಿ ಹಾದರೆ ಸೆರಗಿನ ಮೇಲೆ ನವಿಲಿನ ಒಂದು ಗೆರೆ. ನಾನು ಆ ರಟ್ಟುಗಳ ಮೇಲೆ ಮಗ್ಗಿ ಬರೆದು ಬೆಳೆದವಳು.

ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಸುರುಳಿಯ ಫೋಟೋ ತೋರಿಸಿದೆ. ಎಂಬತ್ತಾರು ವಯಸ್ಸು, ಕನ್ನಡಕ ಹಣೆಗೇರಿಸಿ ಫೋನನ್ನು ಮೂಗಿಗೆ ಹಿಡಿದರು.

"ಸೀರೆನಾ?"

"ಇಲ್ಲಪ್ಪಾ, ಹಾಡು."

"ಹಾಡಿಗೆ ಯಾಕಮ್ಮಾ ತೂತು?" ಅಂದರು.

ಸೋಮವಾರ, ಬ್ರುಖ್‌ಸಾಲ್, ಫ್ರೈಬುರ್ಗ್

ಈ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ, ನಾಚಿಕೆಯಾಗುತ್ತದೆ. ಬ್ರುಖ್‌ಸಾಲ್ ಅರಮನೆಯಲ್ಲಿ ಜರ್ಮನಿಯ ದೊಡ್ಡ ಯಾಂತ್ರಿಕ ವಾದ್ಯ ಸಂಗ್ರಹಾಲಯ ಇದೆ. ಬೆಳಗ್ಗೆ ಐದಕ್ಕೆ ಎದ್ದು, ಚಿತ್ರಾನ್ನ ಕಟ್ಟಿಕೊಂಡು, ಎರಡು ರೈಲು ಬದಲಾಯಿಸಿ ಹೋದೆವು. ಸೋಮವಾರ ರಜೆ. ಐದು ದಿನದ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಬಣ್ಣ ಬಳಿದು ತಯಾರಿಸಿದ್ದ ನನ್ನ ಮಗ ಇದೊಂದನ್ನು ನೋಡಿರಲಿಲ್ಲ. ಹಳದಿ ಅರಮನೆಯನ್ನು ಹೊರಗಿನಿಂದ ಒಂದು ಸುತ್ತು ಹಾಕಿ, ತೋಟದಲ್ಲಿ ಕೂತು ಚಿತ್ರಾನ್ನ ತಿಂದೆವು. 1945ರ ಮಾರ್ಚಿನಲ್ಲಿ ಬಾಂಬು ಬಿದ್ದು ಹೆಚ್ಚುಕಮ್ಮಿ ಪೂರ್ತಿ ಸುಟ್ಟುಹೋಗಿದ್ದ ಅರಮನೆ ಇದು. ಮತ್ತೆ ಕಟ್ಟಿದ್ದಾರೆ.

ಫ್ರೈಬುರ್ಗಿಗೆ ಹೋಗುವ ರೈಲಿನಲ್ಲಿ ಮಗ ತಪ್ಪು ಮುಚ್ಚಿಕೊಳ್ಳಲು ಒಂದು ಕಥೆ ಹೇಳಿದ. ಕಥೆ ಚೆನ್ನಾಗಿತ್ತು, ಕ್ಷಮಿಸಿದೆ. 19ನೇ ಶತಮಾನದ ಶುರುವಿನಲ್ಲಿ ವಿಯೆನ್ನಾದಲ್ಲಿ ಮೆಲ್ಜೆಲ್ ಅಂತ ಒಬ್ಬ ಯಂತ್ರಗಾರ ಇದ್ದ. ಸಂಗೀತ ಕಲಿಯುವವರು ಟಿಕ್ ಟಿಕ್ ಅಂತ ಇಟ್ಟುಕೊಳ್ಳುವ ಮೆಟ್ರೊನೋಮ್‌ಗೆ ಅವನದೇ ಹೆಸರು. ಅವನು ಪ್ಯಾನ್‌ಹಾರ್ಮೋನಿಕಾನ್ ಅನ್ನೋ ದೊಡ್ಡ ಯಂತ್ರ ಕಟ್ಟಿದ್ದ, ಇಡೀ ಮಿಲಿಟರಿ ಬ್ಯಾಂಡು ನುಡಿಸುವಂಥದ್ದು. 1813ರಲ್ಲಿ ಬೀಥೋವನ್ ವೆಲಿಂಗ್ಟನ್‌ನ ಗೆಲುವಿನ ಬಗ್ಗೆ ಒಂದು ಸಂಗೀತ ಬರೆದದ್ದು ಮೊದಲು ಈ ಯಂತ್ರಕ್ಕೆ. ಆಮೇಲೆ ಅದನ್ನೇ ಮನುಷ್ಯರ ವಾದ್ಯಗೋಷ್ಠಿಗೆ ಹಿಗ್ಗಿಸಿದ. ಅಂದರೆ ವಾದ್ಯಗೋಷ್ಠಿಯನ್ನು ಯಂತ್ರ ಅನುಕರಿಸಬೇಕಿತ್ತು, ಇಲ್ಲಿ ಯಂತ್ರದ ಪಾಠವನ್ನು ವಾದ್ಯಗೋಷ್ಠಿ ಒಪ್ಪಿಸಿತು!

ಆ ವೆಲಿಂಗ್ಟನ್ ಯಾರು ಅಂತ ಮಗನಿಗೆ ನಾನು ಹೇಳಬೇಕಾಯಿತು. 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಮುಂದೆ ವೆಲಿಂಗ್ಟನ್ ಆದದ್ದು. ಆ ಲೂಟಿಯಲ್ಲಿ ಲಂಡನ್ನಿಗೆ ಹೋದ ಟಿಪ್ಪುವಿನ ಹುಲಿ ಕೂಡ ಒಂದು ಯಂತ್ರವಾದ್ಯವೇ ಅಲ್ವಾ? ಮರದ ಹುಲಿ, ಅದರಡಿ ಬಿದ್ದ ಬಿಳಿಯ. ಹಿಡಿ ತಿರುಗಿಸಿದರೆ ಒಳಗಿನ ತಿದಿ ಊದಿ ಹುಲಿ ಗುರುಗುಡುತ್ತದೆ, ಮನುಷ್ಯ ಕೈ ಎತ್ತಿ ನರಳುತ್ತಾನೆ. ಹುಲಿಯ ಪಕ್ಕೆಯ ಬಾಗಿಲು ತೆಗೆದರೆ 18 ಗುಂಡಿಗಳ ಪುಟ್ಟ ಆರ್ಗನ್, ಅಂದರೆ ತಿದಿಯ ಗಾಳಿಯಿಂದ ಕೊಳವೆಗಳು ನುಡಿಯುವ ವಾದ್ಯ. ಈಗ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.

ಫ್ರೈಬುರ್ಗಿನಲ್ಲಿ ನೋಡಬೇಕಿದ್ದದ್ದು ಇಲ್ಲದ ಕಟ್ಟಡ. ರೈಲು ನಿಲ್ದಾಣದ ಹಿಂಬದಿಯ ಬಡಾವಣೆಯಲ್ಲಿ ವೆಲ್ಟೆ ಅನ್ನೋ ಕಂಪನಿಯ ಕಾರ್ಖಾನೆ ಇತ್ತು. ಬಲು ದುಬಾರಿ ಆರ್ಕೆಸ್ಟ್ರಿಯನ್‌ಗಳು ಇಲ್ಲಿಂದ ಹೊರಟವು. ಗಾಯಕಿ ಅಡೆಲಿನಾ ಪಾಟಿಯ ವೇಲ್ಸ್ ಕೋಟೆಯಲ್ಲಿ ಕೂಡ ಇವರದೊಂದು ಇತ್ತು. 1904ರಲ್ಲಿ ಇವರೇ ವೆಲ್ಟೆ ಮಿನ್ಯೋನ್ ಅನ್ನೋ ಪಿಯಾನೋ ಯಂತ್ರ ತಂದರು. ಒಬ್ಬ ಪಿಯಾನೋ ನುಡಿಸಿದ್ದನ್ನು, ಅವನ ಬೆರಳಿನ ಒತ್ತು ಸಮೇತ, ಕಾಗದಕ್ಕೆ ಇಳಿಸಿ ಮತ್ತೆ ನುಡಿಸುವ ಯಂತ್ರ. ಡೆಬುಸಿ, ಗ್ರೀಗ್, ಮಾಲರ್‌ನಂಥ ದೊಡ್ಡ ಸಂಗೀತಗಾರರೆಲ್ಲ ಇದಕ್ಕೆ ನುಡಿಸಿಕೊಟ್ಟಿದ್ದಾರೆ. ರೇಡಿಯೋ, ಗ್ರಾಮಫೋನ್ ಬಂದಮೇಲೆ ವ್ಯಾಪಾರ ಬಿತ್ತು. ಕಾರ್ಖಾನೆ 1944ರ ನವೆಂಬರ್ 27ರ ಬಾಂಬಿಗೆ ಹೋಯಿತು. ಅದೇ ರಾತ್ರಿ ಹಳೇ ಊರು ನೆಲಸಮವಾಗಿ, ನಡುವೆ ಚರ್ಚಿನ ಗೋಪುರ ಮಾತ್ರ ನಿಂತೇ ಇತ್ತಂತೆ.

ಸಂಜೆ ಊರಿನ ಬೀದಿಗಳಲ್ಲಿ ಹರಿಯುವ ಪುಟ್ಟ ಕಾಲುವೆಗಳ ಪಕ್ಕ ನಡೆದೆವು. ಕಾಲು ಜಾರಿ ಅದರಲ್ಲಿ ಬಿದ್ದರೆ ಈ ಊರಿನವರನ್ನೇ ಮದುವೆಯಾಗಬೇಕು ಅನ್ನೋ ಮಾತಿದೆ. ಮಗ ಬಹಳ ಎಚ್ಚರಿಕೆಯಿಂದ ನಡೆಯುತ್ತಿದ್ದ. ಯಾಕೋ ಕೇಳಲಿಲ್ಲ.

ಮಂಗಳವಾರ, ವಾಲ್ಡ್‌ಕಿರ್ಖ್

ಇಡೀ ಪ್ರವಾಸದಲ್ಲಿ ಒಂದೇ ಊರಿಗೆ ಮತ್ತೆ ಹೋಗು ಅಂದರೆ ನಾನು ಇಲ್ಲಿಗೆ ಬರುತ್ತೇನೆ. ಫ್ರೈಬುರ್ಗಿನಿಂದ ಪುಟ್ಟ ರೈಲು. ಎಲ್ತ್ಸ್ ನದಿಯ ಕಣಿವೆ. ಹಿಂದೆ ಕಾಂಡೆಲ್ ಬೆಟ್ಟ. ಊರಿಗೆ ಊರೇ ಆರ್ಗನ್ ಕಟ್ಟುವವರದ್ದು. ಮಾಥಿಯಾಸ್ ಮಾರ್ಟಿನ್ ಎಂಬಾತ ಇಲ್ಲಿ ಚರ್ಚಿನ ಆರ್ಗನ್ ಕಟ್ಟಲು ಕೂತದ್ದು 1799ರಲ್ಲಿ. ಮತ್ತೆ ಅದೇ ವರ್ಷ! ನಮ್ಮಲ್ಲಿ ಹುಲಿಯನ್ನು ಲೂಟಿ ಮಾಡುತ್ತಿದ್ದಾಗ ಇಲ್ಲಿ ಮೊದಲ ಕೊಳವೆ ಕೊರೆಯುತ್ತಿದ್ದರು ಅಂತ ಲೆಕ್ಕ.

1834ರಲ್ಲಿ ಇಗ್ನಾಜ್ ಬ್ಲಾಸಿಯಸ್ ಬ್ರೂಡರ್ ಬಂದು ಹಿಡಿ ತಿರುಗಿಸುವ ಆರ್ಗನ್ ಮಾಡತೊಡಗಿದ. ಅವನ ಮಕ್ಕಳು, ಮೊಮ್ಮಕ್ಕಳು ಅದನ್ನೇ ಮುಂದುವರಿಸಿದರು. ರೂತ್, ವೆಬರ್ ಅನ್ನೋ ಮನೆತನಗಳು ಬಂದವು. ಪ್ಯಾರಿಸಿನ ಗಾವಿಯೋಲಿ ಕಂಪನಿ ಕೂಡ ಇಲ್ಲಿ ಒಂದು ಶಾಖೆ ತೆರೆಯಿತು. ಯೂರೋಪಿನ ಜಾತ್ರೆಗಳಲ್ಲಿ ಕುದುರೆ ಗಿರಗಟ್ಟಲೆಯ ಪಕ್ಕದಲ್ಲಿ ಕೂಗುತ್ತಿದ್ದ ಆರ್ಗನ್‌ಗಳಲ್ಲಿ ಎಷ್ಟೋ ಈ ಪುಟ್ಟ ಊರಿನವು. ಈಗಲೂ ಮೂರು ವರ್ಷಕ್ಕೊಮ್ಮೆ ಆರ್ಗನ್ ಹಬ್ಬ ನಡೆಯುತ್ತದೆ. ನಾವು ಹೋದ ವರ್ಷ ಹಬ್ಬ ಇರಲಿಲ್ಲ. ಅದೇ ಒಳ್ಳೆಯದಾಯಿತು, ಕೆಲಸದವರು ಪುರುಸೊತ್ತಾಗಿ ಮಾತಾಡಿದರು.

ಎಲ್ತ್ಸ್‌ತಾಲ್ ಮ್ಯೂಸಿಯಂನಲ್ಲಿ ಜಾತ್ರೆ ಆರ್ಗನ್ ಕೇಳಿದೆ. ಕೇಳಿದೆ ಅನ್ನೋದಕ್ಕಿಂತ, ಬಡಿಸಿಕೊಂಡೆ ಅನ್ನಬಹುದು. ಅದು ಬಯಲಿನ ವಾದ್ಯ. ಉಗಿ ಎಂಜಿನ್ನಿನ ಸದ್ದು, ಮಕ್ಕಳ ಕಿರುಚಾಟ ಎಲ್ಲ ಮೀರಿ ಕೇಳಬೇಕು. ಕೋಣೆಯೊಳಗೆ ನುಡಿಸಿದರೆ ಎದೆ ನಡುಗುತ್ತದೆ. ಮುಂಭಾಗಕ್ಕೆ ಚಿನ್ನದ ಬಣ್ಣ, ಹೂವಿನ ಕೆತ್ತನೆ, ನಡುವೆ ಬ್ಯಾಂಡ್ ಮೇಷ್ಟ್ರ ಗೊಂಬೆ. ಗೊಂಬೆ ಕೈ ಎತ್ತಿ ತಾಳ ಹಾಕುತ್ತದೆ. ನಮ್ಮ ತೇರಿನ ಗೊಂಬೆಗಳ ಅಣ್ಣತಮ್ಮಂದಿರೇ.

ಮಗ ಮೊದಲೇ ಪತ್ರ ಬರೆದಿದ್ದರಿಂದ ಮಧ್ಯಾಹ್ನ ಒಂದು ಕಾರ್ಯಾಗಾರಕ್ಕೆ ಬಿಟ್ಟರು. ನನ್ನ ವಯಸ್ಸಿನ ಒಬ್ಬರು, ಮೀಸೆಗೆ ಮರದ ಪುಡಿ ಮೆತ್ತಿಕೊಂಡು ಬಂದರು. ಒಂದೂವರೆ ಗಂಟೆ ತೋರಿಸಿದರು. ಮಗ ಅನುವಾದ ಮಾಡಿ ಮಾಡಿ ಸುಸ್ತಾದ.

ಮೊದಲು ತಿದಿ. ಕುರಿ ಚರ್ಮ ಅಂಟಿಸಿದ ಮರದ ತಿದಿ, ಅಂಗಳದಲ್ಲಿ ಹಾಸಿಗೆ ಒಣಗಿಸಿದ ಹಾಗೆ ಮೇಜಿನ ಮೇಲೆ ಹರಡಿತ್ತು. ಹಾರ್ಮೋನಿಯಂ ತಿದಿ ನೋಡಿದವರಿಗೆ ಇದು ಹೊಸದಲ್ಲ. ಆರ್ಗನ್ನಿನಲ್ಲಿ ಡೋಲು ಬಾರಿಸುವುದೂ ತಿದಿಯೇ. ಅಂಗೈಯಷ್ಟು ತಿದಿ ಒಮ್ಮೆ ಉಬ್ಬಿದರೆ ಕೋಲು ಬಿದ್ದು ಡೋಲು ಢಮ್ ಅನ್ನುತ್ತದೆ.

ಆಮೇಲೆ ಕೊಳವೆಗಳು. ವಾದ್ಯಗೋಷ್ಠಿಯ ಮೋಸ ಇರುವುದೆಲ್ಲ ಇಲ್ಲೇ. ಮೋಸ ಅಂದದ್ದು ನಾನಲ್ಲ, ಅವರೇ ನಗುತ್ತಾ ಅಂದರು. ಅಗಲವಾದ ಮರದ ಕೊಳವೆ ಊದಿ ತೋರಿಸಿದರು, ಕೊಳಲು. ಅದರ ಮೇಲಿನ ತುದಿಗೆ ಬಿರಡೆ ಹಾಕಿದರು, ಧ್ವನಿ ತಗ್ಗಿ ಮೆತ್ತಗಾಯಿತು. ಒಳಗೆ ಹಿತ್ತಾಳೆಯ ನಾಲಿಗೆ ಇದ್ದ ಕೊಳವೆ ಊದಿದರು, ತುತ್ತೂರಿ. ಕೊನೆಗೆ ಬೆರಳಿನಷ್ಟು ಸಣ್ಣ, ಉದ್ದನೆ ಕೊಳವೆ. ಅದರ ಬಾಯಿ ಮುಂದೆ ಒಂದು ಪುಟ್ಟ ಹಿತ್ತಾಳೆ ತಗಡು. ತಗಡಿಲ್ಲದೆ ಊದಿದರೆ ಶಿಳ್ಳೆ ಥರ ಕಿರ್ ಅಂತು. ತಗಡನ್ನು ಕೂದಲೆಳೆಯಷ್ಟು ಹತ್ತಿರ ತಂದರು. ಪಿಟೀಲು! ಗಾಳಿ ಬಾಯಿ ತಾಗುವ ಮೊದಲೇ ತಗಡು ಅದನ್ನು ತಡೆದು ನೇವರಿಸುತ್ತದೆ, ಆಗ ಕಮಾನು ತಂತಿಯನ್ನು ಹಿಡಿದಂಥ ಒರಟು ಬರುತ್ತದೆ. ಆ ತಗಡನ್ನು ಸರಿಪಡಿಸುವುದಕ್ಕೇ ಒಂದು ಕೊಳವೆಗೆ ಅರ್ಧ ದಿನ ಹಿಡಿದದ್ದುಂಟಂತೆ. ಹತ್ತು ಕೊಳವೆ ಒಟ್ಟಿಗೆ ಊದಿದರೆ ಹತ್ತು ಜನ ಪಿಟೀಲು ಹಿಡಿದು ಕೂತ ಹಾಗೆ.

ಕೊನೆಗೆ ನಾನು ಕಾಯುತ್ತಿದ್ದದ್ದು ಬಂತು. ಕಪಾಟಿನಿಂದ ಒಂದು ದಪ್ಪ ಪುಸ್ತಕ ಇಳಿಸಿದರು. ಪುಸ್ತಕ ಅಂದರೆ ಹಾಳೆಯಲ್ಲ, ರಟ್ಟು. ಬೀಸಣಿಗೆಯ ಹಾಗೆ ಮಡಿಚಿ ಮಡಿಚಿ ಇಟ್ಟಿದ್ದು. ಬಿಡಿಸುತ್ತಾ ಹೋದರೆ ಕೋಣೆಯ ಆ ತುದಿಯವರೆಗೆ. 1892ರಲ್ಲಿ ಗಾವಿಯೋಲಿಯವರು ಪೇಟೆಂಟ್ ಮಾಡಿಸಿದ ಪದ್ಧತಿ. ಅದಕ್ಕೂ ಮೊದಲು ಮರದ ಉರುಳೆಗೆ ಹಿತ್ತಾಳೆ ಮೊಳೆ ಹೊಡೆದು ಹಾಡು ಕೂರಿಸುತ್ತಿದ್ದರು. ಒಂದು ಉರುಳೆಯಲ್ಲಿ ಬೆರಳೆಣಿಕೆಯಷ್ಟು ಹಾಡು. ಹೊಸ ಹಾಡು ಬೇಕಾದರೆ ಹೊಸ ಉರುಳೆ. ರಟ್ಟಿನ ಪುಸ್ತಕ ಬಂದಮೇಲೆ ಹಾಡು ಅಗ್ಗವಾಯಿತು, ಉದ್ದವೂ ಆಯಿತು.

"ಈ ಉಪಾಯ ಎಲ್ಲಿಂದ ಬಂತು ಅಂತ ಕೇಳು" ಅಂದೆ ಮಗನಿಗೆ. ಅವರು ಕೈಯಲ್ಲಿ ಲಾಳಿ ಎಸೆದ ಹಾಗೆ ಮಾಡಿ ತೋರಿಸಿದರು. ಜಕಾರ್ಡ್ ಮಗ್ಗ.

ನಮ್ಮಪ್ಪ ಅದೇ ಕೆಲಸ ಮಾಡೋರು ಅಂತ ಹೇಳಿಸಿದೆ. ಅವರು ಒಂದು ಕ್ಷಣ ನನ್ನನ್ನೇ ನೋಡಿದರು. ಸ್ಟೂಲ್ ಎಳೆದು ಕೂರಿಸಿದರು. ಅಲ್ಲಿಯವರೆಗೆ ನಾನು ಬರೀ ಪ್ರವಾಸಿ. ಆಮೇಲಿನ ಮಾತೇ ಬೇರೆ.

ಮಗ್ಗದ ರಟ್ಟಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ, ಅದು ನನ್ನ ತಲೆಗೆ ಹೋಗಲು ಹೊತ್ತು ಹಿಡಿಯಿತು. ಮಗ್ಗದಲ್ಲಿ ಎಲ್ಲ ತೂತೂ ಒಂದೇ ಗಾತ್ರ. ಒಂದು ರಟ್ಟು ಅಂದರೆ ಒಂದು ಹೊಕ್ಕು. ರಟ್ಟು ಒಂದು ಹೆಜ್ಜೆ ಇಟ್ಟು ನಿಲ್ಲುತ್ತದೆ, ಲಾಳಿ ಹಾಯುತ್ತದೆ, ಮತ್ತೊಂದು ಹೆಜ್ಜೆ. ಆರ್ಗನ್ನಿನಲ್ಲಿ ರಟ್ಟು ನಿಲ್ಲುವುದೇ ಇಲ್ಲ, ಹರಿಯುತ್ತಲೇ ಇರುತ್ತದೆ. ಹಾಗಾಗಿ ತೂತಿನ ಉದ್ದವೇ ಸ್ವರದ ಉದ್ದ. ಸಣ್ಣ ಚೌಕದ ತೂತು ಅಂದರೆ ಡೋಲಿನ ಒಂದು ಏಟು. ಗೇಣುದ್ದದ ಸೀಳು ಅಂದರೆ ತುತ್ತೂರಿಯ ದೀರ್ಘ ಸ್ವರ. ರಟ್ಟಿನ ಕೆಳಗೆ ಲೋಹದ ಸಣ್ಣ ಸಣ್ಣ ಕೀಲಿಗಳು ಮೇಲಕ್ಕೆ ಒತ್ತಿಕೊಂಡು ಕಾಯುತ್ತಿರುತ್ತವೆ. ತೂತು ಬಂದ ತಕ್ಷಣ ಕೀಲಿ ತಲೆ ಎತ್ತುತ್ತದೆ, ಎಲ್ಲೋ ಒಂದು ಬಾಗಿಲು ತೆರೆದು ಗಾಳಿ ಕೊಳವೆಗೆ ನುಗ್ಗುತ್ತದೆ. ತೂತು ಮುಗಿದರೆ ಕೀಲಿ ತಲೆ ತಗ್ಗಿಸುತ್ತದೆ, ಸ್ವರ ನಿಲ್ಲುತ್ತದೆ.

ರಟ್ಟು ತಂಪಿಗೆ ಊದಿಕೊಳ್ಳಬಾರದು, ಕೀಲಿ ಉಜ್ಜಿ ಸವೆಯಬಾರದು. ಅದಕ್ಕೆ ಅರಗು ಬಳಿಯುತ್ತಾರೆ. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅದೇ ಅರಗು. ಮೂಸಿ ನೋಡಿದೆ. ಗುರುತು ಸಿಕ್ಕಿತು.

ಈ ತೂತುಗಳನ್ನು ಎಲ್ಲಿ ಹೊಡೆಯಬೇಕು ಅಂತ ತೀರ್ಮಾನ ಮಾಡುವವರ ಹೆಸರು ಆರ್ಗನ್ನಿನ ಹಣೆಯ ಮೇಲೆ ಇರುವುದಿಲ್ಲ. ಕಟ್ಟಿದವನ ಹೆಸರು ಚಿನ್ನದಲ್ಲಿರುತ್ತದೆ. ಆದರೆ ಹತ್ತು ಜನ ಒಟ್ಟಿಗೆ ನುಡಿಸುತ್ತಿದ್ದಾರೆ ಅನ್ನಿಸುವ ಹಾಗೆ ಮಾಡುವುದು ತೂತಿನವನೇ. ಪಿಟೀಲನ್ನು ಪಿಯಾನೋಗಿಂತ ಒಂದೆಳೆ ತಡವಾಗಿ ಎತ್ತಿಸುವುದು, ಕ್ಲಾರಿನೆಟ್‌ನವನು ಉಸಿರು ತೆಗೆದುಕೊಳ್ಳಲಿ ಅಂತ ಒಂದು ಚೂರು ಜಾಗ ಬಿಡುವುದು. ಯಂತ್ರಕ್ಕೆ ಉಸಿರೇ ಬೇಕಿಲ್ಲ, ಆದರೂ ಬಿಡಬೇಕು. ಬಿಡದಿದ್ದರೆ ಕೇಳುವವರ ಉಸಿರು ಕಟ್ಟುತ್ತದೆ. ಈ ಊರಿನ ಗುಸ್ತಾವ್ ಬ್ರೂಡರ್ ಇದರಲ್ಲಿ ಎತ್ತಿದ ಕೈ. 1920ರ ದಶಕದಲ್ಲಿ ವೆಬರ್ ಮನೆಯವರ ಮಾಯೆಸ್ಟೊ ಅನ್ನೋ ದೊಡ್ಡ ಆರ್ಕೆಸ್ಟ್ರಿಯನ್‌ಗೆ ಸುರುಳಿ ಬರೆದವನು. ಕಾರ್ಯಾಗಾರದವರು ಅದರ ಒಂದು ಧ್ವನಿಮುದ್ರಣ ಹಾಕಿದರು. ಕಣ್ಣು ಮುಚ್ಚಿದೆ. ಹೋಟೆಲಿನ ಮೂಲೆಯಲ್ಲಿ ಬೆವರು ಒರೆಸಿಕೊಂಡು ನುಡಿಸುವ ಜಾಜ್ ತಂಡ. ಅವರಲ್ಲಿ ಒಬ್ಬನಿಗೆ ಮನೆಗೆ ಹೋಗುವ ಆತುರ ಇದ್ದಂತಿತ್ತು.

ಅಪ್ಪ ಒಂದು ನವಿಲಿನ ಕಣ್ಣಿಗೆ ರಾತ್ರಿಯೆಲ್ಲಾ ಕೂತದ್ದು ನೆನಪಾಯಿತು. ಗ್ರಾಫಿನಲ್ಲಿ ಕಣ್ಣು ಗುಂಡಗೇ ಇತ್ತು. ನೇಯ್ದರೆ ಸತ್ತ ನವಿಲಿನ ಹಾಗೆ ಕಾಣುತ್ತದೆ ಅಂತ ಎರಡು ತೂತು ಆಚೀಚೆ ಮಾಡಿದರು. ಆ ಸೀರೆಯ ಮೇಲೂ ಅಪ್ಪನ ಹೆಸರಿರಲಿಲ್ಲ.

ಹೊರಡುವಾಗ ಆ ಮೀಸೆಯವರು ಮೂಲೆಯಿಂದ ಒಂದು ತುಂಡು ರಟ್ಟು ತಂದು ಕೊಟ್ಟರು. ಮೂರು ಮಡಿಕೆಯಷ್ಟು. ಎಲ್ಲೋ ಒಂದು ತೂತು ತಪ್ಪಿ ಕತ್ತರಿಸಿ ತೆಗೆದದ್ದಂತೆ. "ನಿಮ್ಮ ತಂದೆಗೆ" ಅಂದರು. ದುಡ್ಡು ಮುಟ್ಟಲಿಲ್ಲ. ಚೀಲದಲ್ಲಿದ್ದ ಕೋಡುಬಳೆ ಪೊಟ್ಟಣ ಕೊಟ್ಟು ಬಂದೆ. ಒಂದು ಕಚ್ಚಿ ನೋಡಿ, ಮತ್ತೊಂದು ಬಾಯಿಗೆ ಹಾಕಿಕೊಂಡು, ಪೊಟ್ಟಣವನ್ನು ಅಂಟಿನ ಡಬ್ಬಿಗಳ ಹಿಂದೆ ಬಚ್ಚಿಟ್ಟರು.

ಬುಧವಾರ, ಫುರ್ಟ್‌ವಾಂಗೆನ್, ಫ್ಯೋರೆನ್‌ಬಾಖ್

ಕಪ್ಪು ಕಾಡಿನ ಒಳಕ್ಕೆ ಬಸ್ಸು. ತಿರುವು ಮೇಲೆ ತಿರುವು, ಆಗುಂಬೆಯ ನೆನಪು, ಹೊಟ್ಟೆ ತೊಳಸು. ಬೆಳಗ್ಗೆಯಿಂದ ಮಳೆ. ಫುರ್ಟ್‌ವಾಂಗೆನ್‌ನ ಗಡಿಯಾರ ಸಂಗ್ರಹಾಲಯಕ್ಕೆ ಹೋಗುವ ಹೊತ್ತಿಗೆ ಇಬ್ಬರೂ ಒದ್ದೆ.

ಗಡಿಯಾರಕ್ಕೂ ವಾದ್ಯಗೋಷ್ಠಿಗೂ ಏನು ಸಂಬಂಧ? ಇಲ್ಲಿ ನೋಡಿದರೆ ತಿಳಿಯುತ್ತದೆ. ಚಳಿಗಾಲದಲ್ಲಿ ಹೊಲದ ಕೆಲಸ ಇಲ್ಲದ ರೈತರು ಮರದ ಗಡಿಯಾರ ಮಾಡುತ್ತಿದ್ದರು. ಕುಕ್ಕೂ ಗಡಿಯಾರದ ಹಕ್ಕಿಯ ಹಿಂದೆ ಇರುವುದು ಎರಡು ಪುಟ್ಟ ತಿದಿ, ಎರಡು ಪೀಪಿ. ಒಂದು 'ಕು', ಒಂದು 'ಕೂ'. ಎರಡು ಪೀಪಿ ಇಟ್ಟವನಿಗೆ ಹತ್ತು ಇಡೋಣ ಅನ್ನಿಸುವುದು ಸಹಜ. 18ನೇ ಶತಮಾನದ ಕೊನೆಯ ಹೊತ್ತಿಗೆ ಗಂಟೆಗೊಂದು ಹಾಡು ನುಡಿಸುವ ಕೊಳಲು ಗಡಿಯಾರಗಳು ಬಂದವು. ಆಮೇಲೆ ಹಾಡೇ ಮುಖ್ಯವಾಗಿ, ಗಂಟೆ ತೋರಿಸುವ ಮುಳ್ಳು ಕಳಚಿಹೋಯಿತು.

ಈ ಸಂಗ್ರಹ 1852ರಷ್ಟು ಹಳೆಯದು. ಗಡಿಯಾರ ಶಾಲೆಯ ಮುಖ್ಯಸ್ಥ ರಾಬರ್ಟ್ ಗೆರ್ವಿಗ್ ಹಳೇ ಗಡಿಯಾರಗಳನ್ನು ಕೂಡಿಹಾಕಲು ಶುರು ಮಾಡಿದ, ಹುಡುಗರು ನೋಡಿ ಕಲಿಯಲಿ ಅಂತ. ಎಷ್ಟು ಗಡಿಯಾರ ಅಂದರೆ ಅರ್ಧ ಗಂಟೆಯ ಮೇಲೆ ನನಗೆ ಎಲ್ಲ ಒಂದೇ ಥರ ಕಂಡವು. ಮಗ ಮಾತ್ರ ಬಿಡಲಿಲ್ಲ.

ಅಲ್ಲಿಂದ ಹತ್ತು ಕಿಲೋಮೀಟರಿನಷ್ಟು ದೂರದ ಫ್ಯೋರೆನ್‌ಬಾಖ್‌ಗೆ ಬಂದೆವು. ಪಕ್ಕದಲ್ಲಿ ಬ್ರೆಗ್ ಹೊಳೆ. ಮುಂದೆ ಇನ್ನೊಂದು ಹೊಳೆಯ ಜೊತೆ ಸೇರಿ ಡ್ಯಾನ್ಯೂಬ್ ಆಗುವುದು ಇದೇ. ಇಲ್ಲಿ ನೆಗೆದು ದಾಟಬಹುದು ಅನ್ನಿಸುವಷ್ಟು ಕಿರಿದು. ವೆಲ್ಟೆ ಕಂಪನಿ ಹುಟ್ಟಿದ ಊರಿದು. ಮಿಖಾಯೆಲ್ ವೆಲ್ಟೆ ಪಕ್ಕದ ಊರಿನ ಬ್ಲೆಸಿಂಗ್ ಎಂಬ ಸಂಗೀತ ಗಡಿಯಾರದವನ ಹತ್ತಿರ ಕೆಲಸ ಕಲಿತು 1832ರಲ್ಲಿ ಸ್ವಂತ ಅಂಗಡಿ ಇಟ್ಟ. 1849ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ದೊಡ್ಡ ಆರ್ಕೆಸ್ಟ್ರಿಯನ್ ತೋರಿಸಿದ. 1862ರ ಲಂಡನ್ ಪ್ರದರ್ಶನದಲ್ಲಿ ಹೆಸರಾಯಿತು. ಹಿರಿಯ ಮಗ ಎಮಿಲ್ 1865ರಲ್ಲಿ ನ್ಯೂಯಾರ್ಕಿಗೆ ಹೋಗಿ ಅಂಗಡಿ ತೆರೆದ. ಮರದ ಉರುಳೆಯನ್ನು ಸಮುದ್ರ ದಾಟಿಸಿ ಸಾಕಾಗಿತ್ತೋ ಏನೋ, 1883ರಲ್ಲಿ ಕಾಗದದ ಸುರುಳಿಯಿಂದ ನುಡಿಸುವ ಪದ್ಧತಿಗೆ ಪೇಟೆಂಟ್ ತೆಗೆದುಕೊಂಡ. ಕಾಗದದ ಮೇಲೆ ಕೀಲಿ ಒತ್ತಿದರೆ ಹರಿದುಹೋಗುತ್ತದೆ. ಹಾಗಾಗಿ ಇಲ್ಲಿ ಗಾಳಿಯೇ ತೂತನ್ನು ಓದುತ್ತದೆ. ತೂತಿನಲ್ಲಿ ಗಾಳಿ ಹಾದರೆ ಒಳಗಿನ ತೆಳು ಚರ್ಮದ ಚೀಲವೊಂದು ಅಲುಗಿ ಬಾಗಿಲು ತೆರೆಯುತ್ತದೆ.

ಬೇಕರಿಯೊಂದರಲ್ಲಿ ಕೂತು ಬಟ್ಟೆ ಒಣಗುವವರೆಗೆ ಚೆರ್ರಿ ಕೇಕ್ ತಿಂದೆವು. ಈ ದಿನ ನನಗೆ ಚೆನ್ನಾಗಿ ನೆನಪಿರುವುದು ಅದೇ.

ಗುರುವಾರ, ಸೇವೆನ್

ಫ್ರೈಬುರ್ಗಿನಿಂದ ಬಾಸೆಲ್, ಅಲ್ಲಿಂದ ಡೋರ್ನಾಖ್, ಅಲ್ಲಿಂದ ಬಸ್ಸು. ಸ್ವಿಟ್ಜರ್ಲೆಂಡ್ ತೋರಿಸುತ್ತೇನೆ ಅಂದಿದ್ದ ಮಾತನ್ನು ಮಗ ಉಳಿಸಿಕೊಂಡ. ಹಿಮ ಇಲ್ಲ, ಹಸುವಿನ ಗಂಟೆ ಇತ್ತು. ಎರಡು ಕಾಫಿಯ ಬೆಲೆ ಕೇಳಿ ರೂಪಾಯಿಗೆ ಗುಣಿಸಿದೆ. ಆಮೇಲೆ ಗುಣಿಸುವುದನ್ನು ಬಿಟ್ಟೆ.

ಸೇವೆನ್ ಹಳ್ಳಿ. ಹೊರವಲಯದಲ್ಲಿ ಸಂಗ್ರಹಾಲಯ. ಹೈನ್ರಿಖ್ ವೈಸ್ ಎಂಬುವವರು 1979ರಲ್ಲಿ ತೆರೆದು, 1990ರಲ್ಲಿ ಸರ್ಕಾರಕ್ಕೆ ಒಪ್ಪಿಸಿದ್ದು. ಇಲ್ಲಿಗೆ ಬಂದದ್ದು ಒಂದೇ ಒಂದು ವಾದ್ಯಕ್ಕೆ: ವೆಲ್ಟೆ ಫಿಲ್‌ಹಾರ್ಮೋನಿಕ್ ಆರ್ಗನ್. ಒಂದು ಸಭಾಂಗಣದ ಗೋಡೆ ತುಂಬಾ ಅದೇ.

ಇದರ ಕಥೆ ನಮ್ಮ ಅಜ್ಜಿಯರು ಹೇಳುವ ಒಡವೆ ಕಥೆಯ ಥರ ಇದೆ. ಕ್ಯಾಮೆರಾ ಉದ್ಯಮಿ ಆಗಸ್ಟ್ ನಾಗೆಲ್ ಎಂಬಾತನ ಸ್ಟುಟ್‌ಗಾರ್ಟ್ ಬಂಗಲೆಯಲ್ಲಿತ್ತು. ಮತ್ತೆ ವೆಲ್ಟೆಯವರ ಹತ್ತಿರ ಬಂತು. 1937ರಲ್ಲಿ ವಿಪರ್‌ಫ್ಯುರ್ತ್ ಊರಿನ ಒಂದು ದೀಪದ ಕಂಪನಿಯ ಸಭಾಂಗಣ ಸೇರಿತು. 1969ರಲ್ಲಿ ವೈಸ್ ಕೊಂಡರು. 2007ರಲ್ಲಿ ರಿಪೇರಿಗೆ ಅಂತ ಬಿಚ್ಚಿದಾಗ, ಯಾರೂ ನೋಡದ ಒಳಗಿನ ಮರದ ಮೇಲೆ ಒಂದು ಪದ ಸಿಕ್ಕಿತು. ಬ್ರಿಟಾನಿಕ್. ಟೈಟಾನಿಕ್ ಹಡಗಿನ ತಂಗಿ. ಆ ಹಡಗಿಗೆ ಅಂತ ಮಾಡಿದ ವಾದ್ಯ ಇದು! ಬ್ರಿಟಾನಿಕ್ ನೀರಿಗಿಳಿದದ್ದು 1914ರ ಫೆಬ್ರವರಿಯಲ್ಲಿ. ಅದೇ ವರ್ಷ ಯುದ್ಧ ಬಂತು. ಪ್ರಯಾಣಿಕರ ಬದಲು ಗಾಯಾಳುಗಳನ್ನು ಹೊರುವ ಆಸ್ಪತ್ರೆ ಹಡಗಾಯಿತು. 1916ರ ನವೆಂಬರ್ 21ರಂದು ಗ್ರೀಸಿನ ಕಿಯಾ ದ್ವೀಪದ ಹತ್ತಿರ ಸಿಡಿಮದ್ದು ತಗುಲಿ ಮುಳುಗಿತು. ವಾದ್ಯ ಹತ್ತದೇ ಉಳಿದದ್ದರಿಂದ ಬದುಕಿತು.

ಸುರುಳಿ ಹಾಕಿದರು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಮೊದಲು ಏನೂ ಇಲ್ಲ, ಕಾಗದ ಸುತ್ತಿಕೊಳ್ಳುವ ಸರ ಸರ ಸದ್ದು ಅಷ್ಟೇ. ಆಮೇಲೆ ಎಲ್ಲೋ ದೂರದಲ್ಲಿ ಕೊಳಲು. ಮುಚ್ಚಿದ ಬಾಗಿಲಿನ ಆಚೆಯಿಂದ ಬಂದ ಹಾಗೆ. ನಿಜಕ್ಕೂ ಬಾಗಿಲೇ. ಕೊಳವೆಗಳ ಮುಂದೆ ಮರದ ಪಟ್ಟಿಗಳ ಕಿಟಕಿ ಇರುತ್ತದೆ, ಸುರುಳಿಯ ತೂತೇ ಅದನ್ನು ತೆರೆದು ಮುಚ್ಚಿ ಸದ್ದನ್ನು ಏರಿಸಿ ಇಳಿಸುತ್ತದೆ. ಪಟ್ಟಿಗಳು ನಿಧಾನ ತೆರೆದವು. ಕೊಳಲಿಗೆ ಪಿಟೀಲು ಸೇರಿತು, ಪಿಟೀಲಿಗೆ ತುತ್ತೂರಿ. ಕುರ್ಚಿಯ ಕೈ ನಡುಗುತ್ತಿತ್ತು. ರೂಡೆಸ್‌ಹೈಮಿನ ಪಿಟೀಲಿಗಿಂತ ಇದು ಹೆಚ್ಚು ಸುಳ್ಳು, ಯಾಕೆಂದರೆ ಇಲ್ಲಿ ಪಿಟೀಲೇ ಇಲ್ಲ, ಬರೀ ಗಾಳಿ. ಆದರೂ ಇದೇ ಹೆಚ್ಚು ನಿಜ ಅನ್ನಿಸಿತು. ನಡುವೆ ಒಂದು ಕಡೆ ಎಲ್ಲ ನಿಂತು, ಒಂದು ಚೂರು ಖಾಲಿ ಬಂತು. ವಾಲ್ಡ್‌ಕಿರ್ಖಿನವರು ಹೇಳಿದ ಆ ಉಸಿರಿನ ಜಾಗ. ನಾನೂ ಉಸಿರು ಬಿಟ್ಟೆ. ಪಕ್ಕದಲ್ಲಿದ್ದ ಮಗ ನಿದ್ದೆ ಹೋಗಿದ್ದ.

ದೊಡ್ಡಬಳ್ಳಾಪುರ

ಬಂದು ವಾರವಾದ ಮೇಲೆ ಊರಿಗೆ ಹೋಗಿ ಆ ರಟ್ಟಿನ ತುಂಡನ್ನು ಅಪ್ಪನ ಕೈಗೆ ಕೊಟ್ಟೆ. ಚಾಕಲೇಟು ಪಕ್ಕಕ್ಕಿಟ್ಟರು. ರಟ್ಟನ್ನು ಬಾಗಿಲ ಬೆಳಕಿಗೆ ಹಿಡಿದರು. ಉಗುರಿನಿಂದ ಅಂಚು ಕೆರೆದು ನೋಡಿದರು.

"ನಮ್ಮದಕ್ಕಿಂತ ದಪ್ಪ. ಅರಗು ಬಳಿದವ್ರೆ."

"ಹೂಂ ಅಪ್ಪಾ."

"ಈ ಉದ್ದಂದು ಏನು?"

ತೂತು ಎಷ್ಟು ಉದ್ದವೋ ಅಷ್ಟು ಹೊತ್ತು ಕೂಗುತ್ತದೆ ಅಂತ ಹೇಳಿದೆ. ಸಣ್ಣವು ಡೋಲು. ರಟ್ಟು ನಿಲ್ಲುವುದಿಲ್ಲ, ಹೋಗುತ್ತಲೇ ಇರುತ್ತದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎಡಗೈ ಹೆಬ್ಬೆರಳನ್ನು ರಟ್ಟಿನ ತುದಿಗೆ ಇಟ್ಟು ಮೆಲ್ಲಗೆ ಎಳೆಯತೊಡಗಿದರು. ಸೀಳು ಬಂದಾಗ "ಊಂ..." ಅಂತ ಎಳೆದರು. ಸೀಳು ಮುಗಿದಾಗ ನಿಲ್ಲಿಸಿದರು. ಚೌಕದ ತೂತಿಗೆ ಬಲಗೈಯಿಂದ ತೊಡೆಗೆ ಒಂದು ಏಟು. ಮತ್ತೆ "ಊಂ..." ಒಳಮನೆಯಿಂದ ಪವರ್‌ಲೂಮಿನ ಟಕ ಟಕ ಬರುತ್ತಿತ್ತು, ಅದರ ತಾಳಕ್ಕೆ ಇದು ಕೂಡಿಬರಲಿಲ್ಲ. ಒಮ್ಮೆ ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಿದರು. ಮೂರನೇ ಮಡಿಕೆಯವರೆಗೆ ಬಂದು ಬೆರಳು ನಿಂತಿತು.

ರಟ್ಟು ತಿರುಗಿಸಿ ಹಿಂದೆ ನೋಡಿದರು.

"ಮುಂದಿನ ರಟ್ಟು ಎಲ್ಲಮ್ಮಾ?"